ಹುಳಮನೆಗೆ ಬಂದ ಎಪ್ಪತ್ತೆರಡು ಪ್ರಶ್ನೆಗಳು

ವೆಂಕಟಲಕ್ಷ್ಮಮ್ಮ ಕಣ್ಣು ತುಂಬ ನಿದ್ದೆ ಮಾಡಿ ಆರು ದಿನವಾಗಿತ್ತು. ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಸಾಕುವವಳಿಗೆ ಹಗಲು ರಾತ್ರಿಯ ವ್ಯತ್ಯಾಸ ಹೋಗುತ್ತದೆ. ಕೂಸಾದರೆ ಹಾಲು ಕುಡಿದು ಒಂದು ಗಳಿಗೆಯಾದರೂ ಮಲಗೀತು. ಈ ಮಕ್ಕಳು ಮಲಗುವುದಿಲ್ಲ. ನೂರು ಚಿಟ್ಟೆಯ ಮೊಟ್ಟೆಯಿಂದ ಎದ್ದ ನಲವತ್ತು ಸಾವಿರ ಬಾಯಿ. ಸೊಪ್ಪು ಹಾಕಿ ಬಾಗಿಲು ಎಳೆದುಕೊಂಡು ಹೊರಗೆ ಬಂದರೆ ಒಳಗಿಂದ ಹಸಿ ಎಲೆ ಅಗಿಯುವ ಚರಚರ ಸದ್ದು. ಅದು ಇಳಿಯಿತೆಂದರೆ ಮತ್ತೆ ಹೊರೆ ಹೊರಬೇಕು. ಈ ಬೆಳೆ ಕೈಗೆ ಬಂದರೆ ಮಗಳು ಕನಕಪುರದಲ್ಲಿ ನರ್ಸಿಂಗಿಗೆ ಸೇರುತ್ತಾಳೆ, ಬರದಿದ್ದರೆ ಮದುವೆಯಾಗಿ ಅತ್ತೆಯ ತಮ್ಮನ ಮಗನ ಮನೆಗೆ ಸೇರುತ್ತಾಳೆ. ವಿಷಯ ಇಷ್ಟೇ.

ಕಾರೆಕಲ್ದೊಡ್ಡಿ ಇರುವುದು ಕೋಡಿಹಳ್ಳಿಯಿಂದ ಆಚೆ ಒಂಬತ್ತು ಮೈಲಿ ಒಳಕ್ಕೆ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಅದೇ ಬಸ್ಸು. ಊರಿನ ಸುತ್ತ ಬಂಡೆ, ಬಂಡೆಯ ಸಂದಿಯಲ್ಲಿ ಕಾರೆ ಮುಳ್ಳು, ಮುಳ್ಳಿನ ಸಂದಿಯಲ್ಲಿ ಮೇಕೆ. ಇಂಥ ಊರಿಗೆ ಒಂದು ದಿನ ಜೀಪು ಬರುತ್ತದೆಂದರೆ ಅದಕ್ಕೆ ಕಾರಣ ಬೇಕಲ್ಲ? ಕಾರಣವಿತ್ತು. ರಾಮನಗರ ಹೊಸ ಜಿಲ್ಲೆಯಾಗಿ ಎರಡು ವರ್ಷ ತುಂಬಿತ್ತು. ಜಿಲ್ಲೆಯೆಂದ ಮೇಲೆ ನಕ್ಷೆ ಬೇಕು, ನಕ್ಷೆಯೆಂದ ಮೇಲೆ ಅದರ ಮೇಲೆ ಅಲ್ಲಲ್ಲಿ ಛತ್ರಿಯ ಗುರುತು, ದೋಣಿಯ ಗುರುತು, ಕ್ಯಾಮೆರಾದ ಗುರುತು ಬೇಕು. ಆ ಗುರುತು ಯಾವ ಊರಿಗೆ ಹಾಕಬಹುದೆಂದು ನೋಡಿಕೊಂಡು ಬರಲು ಬೆಂಗಳೂರಿನ ಒಂದು ಸಂಸ್ಥೆಗೆ ಗುತ್ತಿಗೆ ಕೊಟ್ಟಿದ್ದರು. ಎಪ್ಪತ್ತೆರಡು ಪ್ರಶ್ನೆ, ನೂರು ಅಂಕ. ಅರವತ್ತು ಬಂದರೆ ಊರು ಪ್ರವಾಸಿ ತಾಣ. ಬರದಿದ್ದರೆ ಬರೀ ಊರು.

ಬೆಳಿಗ್ಗೆ ಬಿಸಿಲು ಏರುವ ಮುಂಚೆಯೇ ಪಂಚಾಯ್ತಿ ಮೆಂಬರ್ ಮುನಿಶಾಮಯ್ಯ ಬಂದು ಅಂಗಳದಲ್ಲಿ ನಿಂತ. ಇಸ್ತ್ರಿ ಹಾಕಿದ ಬಿಳಿ ಷರಟು, ಕಿವಿಯ ಹಿಂದೆ ಅತ್ತರಿನ ಹತ್ತಿ.

"ಅಕ್ಕಯ್ಯ, ಚಿನ್ನಮ್ಮನ್ನೂ ಮಿಕ್ಕ ಏಳು ಜನ ಹೆಂಗಸ್ರನ್ನೂ ಕರ್ಕೊಂಡ್ ಹೋಯ್ತಾ ಇವ್ನಿ. ದೊಡ್ಡಬಂಡೆ ಮೇಲೆ ಕೋಲಾಟ ಆಡುಸ್ಬೇಕು. ಸರ್ವೆ ಸಾಹೇಬ್ರು ಬತ್ತಾವ್ರೆ."

ವೆಂಕಟಲಕ್ಷ್ಮಮ್ಮ ಸೊಪ್ಪಿನ ಹೊರೆ ಕೆಳಗಿಟ್ಟಳು. ಆ ಎಂಟು ಹೆಂಗಸರು ಅವಳ ಮುಯ್ಯಾಳುಗಳು. ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನ ಅವರು ಇವಳ ಮನೆಗೆ ಬಂದು ಹುಳ ಆಯ್ದು ಕೊಡಬೇಕು. ಅವರ ಮನೆಯ ಹುಳ ಹಣ್ಣಾದ ದಿನ ಇವಳು ಹೋಗಬೇಕು. ಕೂಲಿ ಇಲ್ಲ, ಕಾಸಿಲ್ಲ, ದಿನಕ್ಕೆ ದಿನ. ಆ ಊರಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರೂ ಮುಯ್ಯಿ ಬಿಡುವುದಿಲ್ಲ.

"ಅವ್ರು ನಂಗೆ ಬೇಕಲ್ಲಣ್ಣ."

"ನಿನ್ನ ಹುಳ ಹಣ್ಣಾಗೋದು ನಾಳೆ ತಾನೆ? ಇವತ್ತೊಂದಿನ ನಂಗೆ ಕೊಡು. ಊರು ಉದ್ಧಾರ ಆಯ್ತದೆ."

ಊರಿನ ಉದ್ಧಾರ ಎಲ್ಲಿಂದ ಶುರುವಾಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ದೊಡ್ಡಬಂಡೆಯ ಬುಡದಲ್ಲಿ ಮುನಿಶಾಮಯ್ಯನ ಆರು ಎಕರೆ ಬೀಳು ಜಮೀನಿತ್ತು. ಅದಕ್ಕೆ ಆಗಲೇ ಅವನು 'ರೆಸಾರ್ಟ್ ಹೊಲ' ಅಂತ ಹೆಸರಿಟ್ಟಿದ್ದ. ಅಲ್ಲಿ ಹುರುಳಿಯೂ ಆಗುತ್ತಿರಲಿಲ್ಲ.

ಹೆಂಗಸರನ್ನು ಟೆಂಪೋದಲ್ಲಿ ತುಂಬಿ ಮೂರು ಮೈಲಿ ದೂರದ ಬಂಡೆಗೆ ಕಳಿಸಿ, ಸೂರ್ಯ ಮುಳುಗುವ ಹೊತ್ತಿಗೆ ಕೋಲಾಟ ಆಗಬೇಕು, ಅಲ್ಲಿಯ ತನಕ ಅಭ್ಯಾಸ ಮಾಡಿಕೊಳ್ಳಿ ಎಂದು ಹೇಳಿ, ಮುನಿಶಾಮಯ್ಯ ಜೀಪಿಗೆ ಎದುರಾದ.

ಜೀಪಿನಿಂದ ಮೊದಲು ಇಳಿದವನು ತಾಲ್ಲೂಕು ಕಚೇರಿಯ ಗುಮಾಸ್ತ ಗಂಗಹನುಮಯ್ಯ. ಎದೆಗೆ ರಟ್ಟು ಆನಿಸಿಕೊಂಡು, ಅದಕ್ಕೆ ಕ್ಲಿಪ್ಪು ಹಾಕಿದ ಎಪ್ಪತ್ತೆರಡು ಪ್ರಶ್ನೆಗಳನ್ನು ಕೂಸಿನ ಹಾಗೆ ಹಿಡಿದಿದ್ದ. ಹಿಂದೆ ಸರ್ವೆ ಸಾಹೇಬರು. ಮೂವತ್ತರ ಹುಡುಗ, ಕಣ್ಣಿಗೆ ಕಪ್ಪು ಕನ್ನಡಕ, ಮೈಗೆ ಬಿಸಿಲಿನ ಕ್ರೀಮು. ನಲವತ್ತೊಂದು ಊರು ನೋಡಿ ಮುಗಿಸಿದ್ದರಂತೆ, ಪಾಸಾಗಿದ್ದು ಮೂರೇ. ನಾಲ್ಕನೆಯದೊಂದು ಸಿಗದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ ಎಂದು ದಾರಿಯಲ್ಲಿ ಡ್ರೈವರ್ ಹತ್ತಿರ ಹೇಳಿಕೊಂಡಿದ್ದರು. ಡ್ರೈವರ್ ಅದನ್ನು ಇಳಿದ ಕೂಡಲೇ ಊರಿಗೆಲ್ಲ ಹೇಳಿದ.

ಬೆಳಗಿನ ಸುತ್ತು ಕೆರೆಯಿಂದ ಆರಂಭವಾಯಿತು.

"ಇಲ್ಲಿ ಬೋಟಿಂಗ್ ಸಾಧ್ಯವೇ?" ಸಾಹೇಬರು ಒಣಗಿ ಬಿರಿದ ಕೆರೆಯಂಗಳ ನೋಡುತ್ತ ಕೇಳಿದರು. ನಡುವೆ ಹುಡುಗರು ಕ್ರಿಕೆಟ್ಟಿಗೆ ನೆಟ್ಟ ಮೂರು ಕಡ್ಡಿ ನಿಂತಿದ್ದವು.

"ನೀರು ಬಂದ್ರೆ ಸಾಧ್ಯ ಸಾ," ಅಂದ ಮುನಿಶಾಮಯ್ಯ.

ಗಂಗಹನುಮಯ್ಯ 'ಷರತ್ತಿಗೊಳಪಟ್ಟು ಸಾಧ್ಯ' ಎಂದು ಬರೆದು ಒಂದು ಅಂಕ ಹಾಕಿದ.

"ಕಾಡುಪ್ರಾಣಿ?"

"ಆನೆ ಬತ್ತದೆ ಸಾ, ರಾಗಿ ಕಾಲದಲ್ಲಿ."

"ನೋಡೋಕೆ ಸಿಗುತ್ತಾ?"

"ಸಿಕ್ರೆ ನಾವ್ ಅಲ್ಲಿ ನಿಲ್ಲಲ್ಲ ಸಾ."

ಅದಕ್ಕೆ ಐದು. ಬಂಡೆಗೆ ನಾಲ್ಕು, ಈ ಜಿಲ್ಲೆಯಲ್ಲಿ ಬಂಡೆ ಇಲ್ಲದ ಊರಿದ್ದರೆ ಅದಕ್ಕೇ ಹೆಚ್ಚು ಕೊಡಬೇಕಿತ್ತು. ತಗಡಿನ ಮಾಡಿನ ಮಾರಮ್ಮನ ಗುಡಿಗೆ ಎರಡು, ಹುಣಸೆಮರಕ್ಕೆ ಎರಡು. ಹನ್ನೊಂದು ಗಂಟೆಯ ಹೊತ್ತಿಗೆ ಕಾರೆಕಲ್ದೊಡ್ಡಿಯ ಸಾವಿರ ವರ್ಷದ ಬಾಳು ಒಟ್ಟು ಹದಿನಾಲ್ಕು ಅಂಕಕ್ಕೆ ಬಂದು ನಿಂತಿತು. ಸಾಹೇಬರ ಮುಖ ಬಾಡಿತು. ಕೈ ತೊಳೆಯಲು ನೀರು ಕೇಳಿಕೊಂಡು ವೆಂಕಟಲಕ್ಷ್ಮಮ್ಮನ ಅಂಗಳಕ್ಕೆ ಬಂದವರು ಅಲ್ಲೇ ನಿಂತುಬಿಟ್ಟರು.

ಮುಚ್ಚಿದ ಬಾಗಿಲು. ಬಾಗಿಲಿಗೆ ನೊಣ ಬಾರದ ಹಾಗೆ ಹಸಿರು ಬಲೆ. ಮೇಲೆ ಬೇವಿನ ಸೊಪ್ಪು, ಅದರ ಪಕ್ಕ ದೃಷ್ಟಿಗೆಂದು ನೇತುಹಾಕಿದ ಹಳೇ ಮೆಟ್ಟು. ಹೊಸ್ತಿಲ ಮುಂದೆ ಬಿಳಿ ಸುಣ್ಣದ ಪಟ್ಟೆ.

"ಇದೇನು?"

"ಹುಳಮನೆ. ಅತ್ಲಾಗ್ ಬರಬ್ಯಾಡಿ ಸ್ವಾಮಿ."

ಬರಬೇಡಿ ಎಂಬ ಮಾತನ್ನು ಸಾಹೇಬರು ನಲವತ್ತೊಂದು ಊರಲ್ಲಿ ಕೇಳಿರಲಿಲ್ಲ. ಎಲ್ಲ ಕಡೆ ಬನ್ನಿ ಬನ್ನಿ ಎಂದು ಎಳೆದಾಡಿದ್ದರು. ಕನ್ನಡಕ ತೆಗೆದರು.

"ಯಾಕೆ ಬರಬಾರದು?"

"ಹೊರಗ್ಲೋರು ಬಂದ್ರೆ ಹುಳಕ್ಕೆ ರೋಗ ಬತ್ತದೆ. ಹೋದ ವರ್ಷ ಯಾರೋ ಬಂದು ಇಣುಕ್ಬುಟ್ಟು ಹೋದ್ರು, ಸುಣ್ಣಕಟ್ಟು ರೋಗ ಬಂದು ಅಷ್ಟೂ ಬುಟ್ಟಿಲಿ ತುಂಬಿ ಹೂಳ್ದೆ."

"ಗಂಗಹನುಮಯ್ಯ, ಸ್ಥಳೀಯ ನಂಬಿಕೆ ಮತ್ತು ಆಚರಣೆ ಎಷ್ಟಕ್ಕಿದೆ?"

"ಹತ್ತಕ್ಕೆ ಸಾರ್."

"ಎಂಟು ಹಾಕಿ."

ಗಂಗಹನುಮಯ್ಯನೂ ಹುಳಮನೆಯಲ್ಲೇ ಹುಟ್ಟಿ ಬೆಳೆದವನು, ಮರಳವಾಡಿ ಕಡೆಯವನು. ಇದು ಆಚರಣೆಯಲ್ಲ, ಕಾಯಿಲೆಯ ಮಾತು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಎಂಟು ಹಾಕಿದ. ಗೊತ್ತಿದ್ದದ್ದನ್ನೆಲ್ಲ ಬರೆಯುವ ಹಾಗಿದ್ದರೆ ಅವನು ಗುಮಾಸ್ತನಾಗಿರುತ್ತಿರಲಿಲ್ಲ.

"ಜಸ್ಟ್ ಐದು ನಿಮಿಷ ಮೇಡಂ, ಬಾಗಿಲಲ್ಲಿ ನಿಂತು ನೋಡ್ತೀನಿ."

"ಮೇಲೆ ಸೆಂಟು ಬಳ್ಕಂಡಿದ್ದೀರಲ್ಲ. ಆ ವಾಸ್ನೆಗೆ ಹುಳ ಬಾಯಿ ಕಟ್ಕತ್ತದೆ."

ವೆಂಕಟಲಕ್ಷ್ಮಮ್ಮ ಇದನ್ನು ಅಟ್ಟಲೆಂದೇ ಹೇಳಿದ್ದು. ಸಾಹೇಬರು ಮಾತ್ರ ಮಠಕ್ಕೆ ಬಂದ ಭಕ್ತನ ಹಾಗೆ ತಲೆಯಾಡಿಸಿ, ಸ್ನಾನ ಮಾಡಿದರೆ ಬಿಡುತ್ತೀರಾ ಎಂದರು. ಅವಳು ಏನೂ ಹೇಳುವ ಮುಂಚೆಯೇ ಮುನಿಶಾಮಯ್ಯ ತೊಟ್ಟಿಯ ತಣ್ಣೀರು ಸುರಿಸಿ, ಅವಳ ಗಂಡ ಅಂಕಯ್ಯನ ಪಂಚೆ ಉಡಿಸಿ ನಿಲ್ಲಿಸಿದ. ಅಂಕಯ್ಯ ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ತರಲು ಗಾಡಿ ಕಟ್ಟಿಕೊಂಡು ಹೋಗಿದ್ದ. ಇದ್ದಿದ್ದರೆ ಪಂಚೆಯಾದರೂ ಉಳಿಯುತ್ತಿತ್ತು. ಪ್ರವೇಶಪೂರ್ವ ಸ್ನಾನಕ್ಕೆ ಏಳು ಅಂಕ. ಸುಣ್ಣ ತುಳಿಯದೆ ಕಾಲಿಡುವಂತಿಲ್ಲ ಅಂದಳು, ಸುಣ್ಣಕ್ಕೆ ಆರು. ಅವಳ ಬಾಯಿಂದ ಒಂದೊಂದು ಅಡ್ಡಿ ಹೊರಬಿದ್ದ ಹಾಗೂ ಊರು ಮೇಲೆ ಮೇಲೆ ಹೋಗುತ್ತಿತ್ತು. ಕೆರೆಯಲ್ಲಿ ನೀರಿದ್ದಿದ್ದರೂ ಇಷ್ಟು ಬರುತ್ತಿರಲಿಲ್ಲ.

ಕೊನೆಗೆ ಸೋತು, "ಊಟದ ಹೊತ್ತಾಯ್ತು, ಮೊದ್ಲು ಉಣ್ಣಿ," ಅಂದಳು. ಮನೆಯೊಳಗೆ ಬಿಡದಿದ್ದರೂ ಹಸಿದವರನ್ನು ಹಾಗೇ ಕಳಿಸುವುದು ಅವಳಿಗೆ ಗೊತ್ತಿರಲಿಲ್ಲ. ಜಗಲಿಯಲ್ಲಿ ಮುದ್ದೆ, ಉಪ್ಪುಸಾರು, ಒಂದು ಈರುಳ್ಳಿ. ಸಾಹೇಬರು ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡರು. ಅದಕ್ಕೂ ಹತ್ತು.

"ನಲವತ್ತೈದು," ಅಂದ ಗಂಗಹನುಮಯ್ಯ, ತನಗೇ ನಂಬಿಕೆಯಾಗದ ಹಾಗೆ.

ಆಗಲೇ ವೆಂಕಟಲಕ್ಷ್ಮಮ್ಮನಿಗೆ ಏನೋ ತಪ್ಪಿದ ಹಾಗೆ ಅನ್ನಿಸಿತು. ಸಾರಿನ ಸೌಟು ಹಿಡಿದು ಕಿವಿಗೊಟ್ಟಳು. ಚರಚರ ನಿಂತಿತ್ತು. ಸೊಪ್ಪು ಹಾಕಿ ಇನ್ನೂ ಒಂದು ಗಂಟೆ ಆಗಿರಲಿಲ್ಲ.

ಸೌಟು ಬಿಟ್ಟು ಒಳಕ್ಕೆ ಓಡಿದಳು. ಸೊಪ್ಪು ಹಾಗೇ ಬಿದ್ದಿತ್ತು. ಹುಳ ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆ ಬೆರಳು ಕಾಣುವಷ್ಟು ತಿಳಿಯಾಗಿತ್ತು. ಒಂದೇ ಸಮ ಸುಡುತ್ತಿದ್ದ ಮೂರು ದಿನದ ಬಿಸಿಲಿಗೆ ಒಂದು ದಿನ ಮುಂಚೆಯೇ ಹಣ್ಣಾಗಿಬಿಟ್ಟಿದ್ದವು. ಸಂಜೆಯೊಳಗೆ ಅವನ್ನು ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ಇಲ್ಲವಾದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟುತ್ತವೆ. ಅಂಥ ಗೂಡನ್ನು ರಾಮನಗರದ ಮಾರುಕಟ್ಟೆಯಲ್ಲಿ ಕೈಯಲ್ಲಿ ಮುಟ್ಟುವುದಿಲ್ಲ.

ಹೊರಗೆ ಬಂದು, "ಮುನಿಶಾಮಣ್ಣ, ನನ್ನ ಮುಯ್ಯಾಳು ತಂದ್ಕೊಡು!" ಅಂತ ಕೂಗಿದಳು.

"ಅವ್ರು ಬಂಡೆ ಮೇಲವ್ರಲ್ಲಕ್ಕಯ್ಯ. ಟೆಂಪೋ ವಾಪಸ್ಸು ಕನಕಪುರಕ್ಕೆ ಹೋಯ್ತು. ಸಂಜೆ ಬತ್ತದೆ."

"ಜೀಪು ಐತಲ್ಲ!"

"ಆ ದಾರಿಲಿ ಜೀಪು ಇಳಿಯಲ್ಲಮ್ಮ, ಆಕ್ಸಲ್ ಹೋಯ್ತದೆ," ಅಂದ ಡ್ರೈವರ್, ಟೆಂಪೋ ಹೋದ ದಾರಿಯೇ ಆದರೂ ಏಳದೆ ಎರಡನೇ ಮುದ್ದೆ ಮುರಿಯುತ್ತ.

ವೆಂಕಟಲಕ್ಷ್ಮಮ್ಮ ಜಗಲಿಯ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಸಾಹೇಬರು: ಮೈ ತೊಳೆದಾಗಿದೆ, ಸುಣ್ಣ ತುಳಿದಾಗಿದೆ. ಗಂಗಹನುಮಯ್ಯ: ಗೊತ್ತಿರುವ ಕೈ. ಡ್ರೈವರ್: ಎರಡು ಮುದ್ದೆಯ ಕೈ. ಬೆಳಿಗ್ಗೆಯಿಂದ ಯಾರನ್ನು ಹೊಸ್ತಿಲು ದಾಟಿಸಬಾರದೆಂದು ಹೆಣಗಿದ್ದಳೋ ಅವರನ್ನೇ ಈಗ ಕೈ ಹಿಡಿದು ಎಳೆಯಬೇಕು. ರೋಗ ಬಂದರೂ ಹೋಯಿತು, ಆಯದಿದ್ದರೂ ಹೋಯಿತು. ರೋಗಕ್ಕಾದರೆ ಸುಣ್ಣವಿದೆ.

"ಎಲ್ರೂ ಏಳಿ. ಕೈ ತೊಳ್ಕಂಡು ಒಳೀಕ್ ಬನ್ನಿ."

"ಎಲ್ರೂ ಅಂದ್ರೆ..." ಮುನಿಶಾಮಯ್ಯ ಹಿಂದೆ ಸರಿದ.

"ನೀನೇ ಮೊದ್ಲು. ಆ ಷರಟು ಬಿಚ್ಚಾಕು, ಅತ್ತರು ಕಿತ್ತೆಸೆ, ತೊಟ್ಟಿಗೆ ನಡಿ. ನನ್ನ ಎಂಟು ಆಳು ಬಂಡೆಗೆ ಹತ್ಸಿದ್ದು ನೀನು. ಎಂಟು ಜನದ ಕೆಲ್ಸ ನಿಂಗೆ."

ಮೆಂಬರಾದ ಮೇಲೆ ಮುನಿಶಾಮಯ್ಯ ಊರೆದುರಿಗೆ ಬನಿಯನ್ನಿನಲ್ಲಿ ಕಾಣಿಸಿಕೊಂಡದ್ದು ಅದೇ ಮೊದಲು. ಅಷ್ಟರಲ್ಲಿ ಅಂಕಯ್ಯ ಚಂದ್ರಿಕೆಯ ಗಾಡಿ ಹೊಡೆದುಕೊಂಡು ಬಂದ. ತನ್ನ ಪಂಚೆ ಬೇರೆ ಯಾರದೋ ಸೊಂಟದಲ್ಲಿ ತನ್ನ ಹುಳಮನೆಗೆ ಹೋಗುತ್ತಿರುವುದನ್ನು ಕಂಡ.

"ಏನಮ್ಮಿ ಇದು?"

"ಆಮೇಲ್ ಯೋಳ್ತೀನಿ, ಚಂದ್ರಿಕೆ ಇಳ್ಸು."

ಹುಳ ಆಯುವುದು ಕಣ್ಣಿನ ಕೆಲಸ. ಹಣ್ಣನ್ನು ತೆಗೆಯಬೇಕು, ಇನ್ನೂ ಬಲಿಯದ ಕಾಯಿಯನ್ನು ಬಿಡಬೇಕು. ಕಾಯಿ ಹುಳವನ್ನು ಚಂದ್ರಿಕೆಗೆ ಹಾಕಿದರೆ ಅದು ಗೂಡು ಕಟ್ಟುವುದಿಲ್ಲ. ಅಲೆದಾಡಿ, ಉಚ್ಚೆ ಹೊಯ್ದು, ಪಕ್ಕದ ಗೂಡನ್ನೂ ಕೆಡಿಸುತ್ತದೆ. ಸಾಹೇಬರು ಮೊದಲ ಹುಳ ಎತ್ತಿಕೊಂಡಾಗ ಬಾಯಿಂದ ಸಣ್ಣ ಕೂಗು ಹೊರಟಿತು. ನೂರನೆಯದಕ್ಕೆ ಸುಮ್ಮನಾದರು. ಸಾವಿರದ ಹೊತ್ತಿಗೆ, "ಇದು ಹಣ್ಣಾ ಅಮ್ಮ?" ಎಂದು ಬೆಳಕಿಗೆ ಹಿಡಿದು ಕೇಳುವಂತಾದರು. ಮೇಡಂ ಹೋಗಿ ಅಮ್ಮ ಬಂದದ್ದು ಅವರಿಗೇ ಗೊತ್ತಾಗಲಿಲ್ಲ.

"ಕಾಯಿ. ಬುಡಿ ಅದ್ನ. ಮುನಿಶಾಮಣ್ಣ, ನೀನು ಓಟಿನ ಚೀಟಿ ಎಣಿಸ್ತಾ ಇಲ್ಲ, ಮೆತ್ತಗೆ ಹಿಡಿ."

"ಬೆನ್ನು ಹೋಯ್ತು ಕಣಕ್ಕಯ್ಯ."

"ಪ್ರವಾಸ ಅಂದ್ರೆ ಒಸಿ ಬೆನ್ನು ಹೋಯ್ತದೆ."

ಸೂರ್ಯ ಇಳಿಯುವ ಹೊತ್ತಿಗೆ ಅಷ್ಟೂ ಹಣ್ಣು ಹುಳ ಚಂದ್ರಿಕೆ ಸೇರಿತ್ತು. ಅಂಗಳದಲ್ಲಿ ನಿಲ್ಲಿಸಿದ ಬಿದಿರಿನ ಸುರುಳಿಗಳ ಮೇಲೆ ಬಿಳಿ ಎಳೆ ಆಗಲೇ ಮಿನುಗತೊಡಗಿತ್ತು. ದೊಡ್ಡಬಂಡೆಯ ಮೇಲೆ ಎಂಟು ಹೆಂಗಸರು ಯಾರಿಗೂ ಕಾಣದ ಕೋಲಾಟ ಆಡಿ ಮುಗಿಸಿ, ಟೆಂಪೋದಲ್ಲಿ ಬಂದು ಇಳಿದರು. ಚಿನ್ನಮ್ಮ ಅಂಗಳ ನೋಡಿದಳು, ಬನಿಯನ್ನಿನ ಮೆಂಬರನ್ನೂ ನೋಡಿದಳು.

"ಇದ್ಯಾವ ಊರಿನ ಮುಯ್ಯಾಳಕ್ಕ?"

ವೆಂಕಟಲಕ್ಷ್ಮಮ್ಮ ಆಗ ಸಾಹೇಬರ ಕಡೆ ತಿರುಗಿ, "ನಿಮ್ಮ ಮುಯ್ಯಿ ಯಾವಾಗ ತೀರುಸ್ಲಿ?" ಎಂದು ಕೇಳಿದಳು.

"ಪರವಾಗಿಲ್ಲಮ್ಮ, ಅದೆಲ್ಲ ಬೇಡ."

ಗಂಗಹನುಮಯ್ಯ ಸಾಹೇಬರ ಕಿವಿಯಲ್ಲಿ, "ಬ್ಯಾಡ ಅನ್ಬಾರ್ದು ಸಾರ್. ಅಂದ್ರೆ ಇವ್ರು ನಮಗೆ ಸಮ ಅಲ್ಲ ಅಂದಂಗೆ," ಅಂದ. ಸಾಹೇಬರು ತಡವರಿಸುತ್ತ ಹೇಳಿದರು: ತಮ್ಮ ಕೆಲಸವೆಂದರೆ ಈ ಫಾರಂ. ನಾಳೆ ಹತ್ತು ಗಂಟೆಗೆ ಕೊಡಬೇಕು, ಬೆರಳು ಮರಗಟ್ಟಿ ಪೆನ್ನು ಹಿಡಿಯಲಾಗುತ್ತಿಲ್ಲ.

"ತನ್ನಿ ಇತ್ಲಾಗೆ. ಏಳ್ನೇ ಕ್ಲಾಸ್ ಓದಿವ್ನಿ."

ಹೀಗೆ ವೆಂಕಟಲಕ್ಷ್ಮಮ್ಮ ತನ್ನ ಊರಿಗೆ ಅಂಕ ಹಾಕಲು ಕೂತಳು. ಸಾಹೇಬರು ಪ್ರಶ್ನೆ ಓದಿದರು, ಅವಳು ಬರೆದಳು. ಪ್ರವಾಸಿಗರಿಗೆ ಸ್ಥಳೀಯ ಕಸುಬಿನ ಅನುಭವ ಎಂಬಲ್ಲಿ ಸಾಹೇಬರು ತಮ್ಮ ಬೆರಳು ನೋಡಿಕೊಂಡು ಹದಿನೈದಕ್ಕೆ ಹದಿನಾಲ್ಕು ಅಂದರು. ಗಂಗಹನುಮಯ್ಯ ಕೂಡಿದ. ಐವತ್ತೊಂಬತ್ತು.

ಉಳಿದದ್ದು ಒಂದೇ. ಎಪ್ಪತ್ತೆರಡನೆಯದು: ಪ್ರವಾಸಿಗರನ್ನು ಬರಮಾಡಿಕೊಳ್ಳಲು ಸಮುದಾಯದ ಸಿದ್ಧತೆ, ಹತ್ತು ಅಂಕ.

"ಹಂಗಂದ್ರೆ?"

"ಜನ ಬಂದರೆ ಒಳಗೆ ಬಿಡ್ತೀರಾ ಅಂತ. ವಾರಕ್ಕೆ ಇಪ್ಪತ್ತೈದು ಜನ, ನಿಮ್ಮ ಹುಳಮನೆ ನೋಡೋಕೆ."

ಮುನಿಶಾಮಯ್ಯ ಜಗಲಿಯ ತುದಿಗೆ ಸರಿದ. "ಒಂದ್ ಹಾಕಕ್ಕಯ್ಯ. ಹತ್ತು ಬ್ಯಾಡ. ಒಂದು. ಟಾರ್ ರೋಡು ಬತ್ತದೆ."

ಪೆನ್ನು ನಿಂತಿತು. ಸಾಹೇಬರು ತನ್ನ ಹುಳವನ್ನು ತಮ್ಮದೇ ಎಂಬಂತೆ ಆಯ್ದಿದ್ದಾರೆ. ಇನ್ನೊಬ್ಬರ ಹೊಲಕ್ಕೆ ಮುಯ್ಯಾಳಾಗಿ ಹೋದವರು ಸಾಲು ಬಿಟ್ಟು ಕಳೆ ಕೀಳಬಾರದು. ಸೊನ್ನೆ ಹಾಕಿದರೆ ಅವರ ಗುತ್ತಿಗೆ ಹೋಗುತ್ತದೆ. ಹತ್ತು ಹಾಕಿದರೆ ವಾರಕ್ಕೆ ಇಪ್ಪತ್ತೈದು ಜನರ ಸೆಂಟು ಬಾಗಿಲಿಗೆ ಬರುತ್ತದೆ, ಮಗಳು ಅತ್ತೆಯ ತಮ್ಮನ ಮಗನ ಮನೆಗೆ ಹೋಗುತ್ತಾಳೆ. ಇಲ್ಲದ್ದನ್ನು ಬರೆಯಲು ಅವಳಿಗೆ ಬರುವುದಿಲ್ಲ, ಇದ್ದದ್ದನ್ನು ಮುಚ್ಚಲೂ ಬರುವುದಿಲ್ಲ.

"ಹುಳ ಹಣ್ಣಾದ ದಿನ ಬಂದ್ರೆ ಹತ್ತು. ಮಿಕ್ಕ ದಿನ ಸೊನ್ನೆ."

"ಹಾಗೆ ಬರೆಯೋಕೆ ಜಾಗ ಇಲ್ಲಮ್ಮ. ಒಂದೇ ಸಂಖ್ಯೆ ಬೇಕು."

"ವರ್ಷಕ್ಕೆ ಐದು ಬೆಳೆ. ಬೆಳೆಗೆ ಎರಡು ದಿನ ಹುಳ ಆಯ್ತೀವಿ. ಗುಮಾಸ್ತ್ರೇ, ಲೆಕ್ಕ ಹಾಕಿ."

ಗಂಗಹನುಮಯ್ಯ ರಟ್ಟಿನ ಹಿಂಬದಿಯಲ್ಲಿ ಗುಣಿಸಿದ, ಭಾಗಿಸಿದ. ಎಷ್ಟೋ ವರ್ಷದ ಮೇಲೆ ಅವನ ಮುಖದಲ್ಲಿ ಕೆಲಸದ ಖುಷಿ ಕಾಣಿಸಿತು. "ಹತ್ತು ದಿನಕ್ಕೆ ಹತ್ತತ್ತು, ನೂರು. ಮುನ್ನೂರ ಅರವತ್ತೈದರಿಂದ ಭಾಗಿಸಿದ್ರೆ... ಸೊನ್ನೆ ಪಾಯಿಂಟ್ ಎರಡೇಳು ಸಾರ್."

"ಫಾರಂನಲ್ಲಿ ಪಾಯಿಂಟ್ ಹಾಕೋ ಹಾಗಿಲ್ಲ."

"ಸೂಚನೆ ಒಂಬತ್ತು ಸಾರ್. ಅರ್ಧಕ್ಕಿಂತ ಕಡಿಮೆ ಇದ್ರೆ ಸೊನ್ನೆ."

"ಅಕ್ಕಯ್ಯ! ಎರಡೇಳು ಐತಲ್ಲ, ಒಂದು ಅಂತ ಬರಿ, ಯಾರ್ ನೋಡ್ತಾರೆ!"

"ಕಾಯಿ ಹುಳ ಚಂದ್ರಿಕೆಗೆ ಹಾಕಂಗಿಲ್ಲ ಅಂತ ಮಧ್ಯಾನ್ದಿಂದ ಏನ್ ಹೇಳ್ಕೊಟ್ಟೆ ನಿಂಗೆ?" ಎಂದು ವೆಂಕಟಲಕ್ಷ್ಮಮ್ಮ ದುಂಡಗೆ ಒಂದು ಸೊನ್ನೆ ಬರೆದಳು.

ಐವತ್ತೊಂಬತ್ತು. ಸಾಹೇಬರು ತಿದ್ದಬಹುದಿತ್ತು, ಪೆನ್ನು ಅವರದೇ. ಪಂಚೆ ಕಳಚಿ ಕೊಟ್ಟು, ಪ್ಯಾಂಟು ಹಾಕಿಕೊಂಡು, ಫಾರಂ ಹಾಗೇ ಎತ್ತಿಕೊಂಡು ಜೀಪು ಹತ್ತಿದರು. ಅವಳು ಜೀಪಿನ ಪಕ್ಕಕ್ಕೆ ಬಂದು, "ನೀವ್ ಆಯ್ದಿದ್ದು ಮಧ್ಯಾನ್ದಿಂದ ಸಂಜೆ ಗಂಟ. ನಾನ್ ಬರ್ದಿದ್ದು ಒಂದ್ ಗಂಟೆ. ಬಾಕಿ ಐತೆ, ಮರೀಬ್ಯಾಡಿ," ಅಂದಳು.

ನಕ್ಷೆಯಲ್ಲಿ ಕಾರೆಕಲ್ದೊಡ್ಡಿಯ ಜಾಗ ಖಾಲಿಯಾಗಿ ಉಳಿಯಿತು. ಮುನಿಶಾಮಯ್ಯ ರೆಸಾರ್ಟ್ ಹೊಲಕ್ಕೆ ಹುರುಳಿ ಚೆಲ್ಲಿದ. ಗೂಡು ಮಾತ್ರ ಆ ಸಲ ಗಟ್ಟಿಯಾಗಿ ಬಂತು; ರಾಮನಗರದ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ಅಮೀರ್ ಸಾಬರು ಹಿಡಿಯಷ್ಟು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಯಾರಮ್ಮ ಹುಳ ಆಯ್ದೋರು, ಒಂದೂ ಕಾಯಿಲ್ಲ," ಅಂದರು. ಮಗಳು ಕನಕಪುರದ ಬಸ್ಸು ಹತ್ತಿದಳು.

ಪುಷ್ಯದ ಚಳಿಯಲ್ಲಿ ಸಾಹೇಬರ ಫೋನು ಬಂತು. ಅವರ ಗುತ್ತಿಗೆ ಮುಗಿದು, ಬೇರೆ ಕಡೆ ಕೆಲಸ ಸಿಕ್ಕಿತ್ತು. ಅವರ ತಾಯಿ ಹತ್ತು ಕೆಜಿ ಅವರೆಕಾಯಿ ಕೊಂಡು, ಕೈ ಉಳುಕಿಸಿಕೊಂಡು, ಸುಲಿಯುವವರಿಲ್ಲದೆ ಕೂತಿದ್ದಾರಂತೆ. ತಮಾಷೆಗೆ ಹೇಳಿದ್ದೋ ನಿಜಕ್ಕೆ ಹೇಳಿದ್ದೋ, ವೆಂಕಟಲಕ್ಷ್ಮಮ್ಮ ಕೇಳಲಿಲ್ಲ. ಬೆಳಗಿನ ಬಸ್ಸಿಗೇ ಹೊರಟಳು.

ಬೆಂಗಳೂರಿನ ಆ ಅಪಾರ್ಟ್‌ಮೆಂಟಿನ ಗೇಟಲ್ಲಿ ಕಾವಲಿನವನು ತಡೆದ. ಹೊರಗಿನವರು ಹಾಗೆಲ್ಲ ಒಳಗೆ ಹೋಗುವಂತಿಲ್ಲ. ಹೆಸರು, ಊರು, ಬಂದ ಕಾರಣ ಬರೀಬೇಕು. ಕೊನೆಯಲ್ಲಿ ಎರಡು ಚೌಕ: ನೆಂಟರು, ಕೆಲಸದವರು. ಒಂದಕ್ಕೆ ಗುರುತು ಹಾಕಿ ಅಂದ.

ಹೊರಗಿನವರನ್ನು ತಡೆಯುವ ಅವನ ಶ್ರದ್ಧೆ ಅವಳಿಗೆ ಹಿಡಿಸಿತು. ಒಳಗೆ ಹುಳವೇನೂ ಇಲ್ಲದಿದ್ದರೂ. ಕಾರಣದ ಜಾಗದ ಕೆಳಗೆ 'ಮುಯ್ಯಿ, ಅರ್ಧ ದಿನ' ಎಂದು ಬರೆದು, ಎರಡು ಚೌಕಗಳನ್ನೂ ಹಾಗೇ ಬಿಟ್ಟಳು.

"ಎರಡೂ ಅಲ್ಲ ಅಂದ್ರೆ ಏನಮ್ಮ ನೀವು?"

"ಅದ್ಕೆ ಜಾಗ ಇಲ್ಲ ಬುಡಪ್ಪ. ನೀನ್ ಯಾಕೆ ಸುಮ್ನೆ ಕೂತಿದ್ದೀಯ? ಸುಲಿಯಕ್ಕೆ ಹತ್ತು ಕೆಜಿ ಅವರೆಕಾಯಿ ಐತಂತೆ."

"ನಾನು ಗೇಟು ಬಿಟ್ಟು ಬರೋ ಹಾಗಿಲ್ಲಮ್ಮ."

"ಹಂಗಾದ್ರೆ ನಿನ್ನ ಪಾಲು ಇಲ್ಲಿಗೇ ತಂದ್ಕೊಡ್ತೀನಿ," ಅಂದಳು ವೆಂಕಟಲಕ್ಷ್ಮಮ್ಮ. "ಮೊದ್ಲು ಹೋಗಿ ಕೈ ತೊಳ್ಕೊ."